ಅಣಬೆ ಪಂಡಿತನ ಕೊನೆಯ ಊಟ

ನನ್ನ ಹೆಂಡತಿ ವನಜಾಕ್ಷಿಗೆ ನನ್ನ ಪಾಂಡಿತ್ಯದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಹಿತ್ತಿಲ ಕರಿಬೇವಿನ ಬುಡದಲ್ಲಿ ಬೆಳ್ಳಗೆ ನಾಲ್ಕು ಅಣಬೆ ಎದ್ದ ದಿನವೂ ಅಷ್ಟೇ.

"ಮುಟ್ಟಬ್ಯಾಡ್ರಿ. ಯಾವ ಅಣಬೆನೋ ಏನೋ."

"ಫೋನು ಹೇಳ್ತೈತೆ ಇರು" ಎಂದು ಮಗ್ಗದ ಗುಂಡಿಯಿಂದ ಎದ್ದೆ. (ಮೊಳಕಾಲ್ಮೂರಿನ ನೇಕಾರ ನಾನು, ಮಗ್ಗದಿಂದ ಏಳಲು ಇಷ್ಟು ನೆಪ ಸಾಕು. ನನ್ನ ಸೀರೆಗಳ ಅಂಚು ಸೊಟ್ಟ ಬರುವುದು ಇದರಿಂದಲೇ ಎಂದು ಅವಳ ವಾದ.) ಅಣಬೆಯ ಮೇಲಿಂದೊಂದು, ಕೆಳಗಿಂದೊಂದು ಫೋಟೋ ತೆಗೆದೆ. ಮೊದಲನೆಯದನ್ನು ನೋಡಿದ್ದೇ ತಡ, ಫೋನಿನೊಳಗಿನ ಮಹಾಪಂಡಿತ, ಅಂದರೆ ಫೋಟೋ ನೋಡಿ ಗಿಡ-ಅಣಬೆ ಗುರುತಿಸುವ ಆ್ಯಪು, ತೀರ್ಪು ಕೊಟ್ಟ: ತಿನ್ನಬಹುದು! ಕಿತ್ತು ಅಡುಗೆಮನೆಗೆ ಒಪ್ಪಿಸಿದೆ.

ಮಧ್ಯಾಹ್ನ ಮುದ್ದೆಯ ಜೊತೆ ಸಾರು ಬಂತು. ಬಾಯಲ್ಲಿಟ್ಟರೆ ಕರಗುವ ಹೋಳುಗಳು. "ಅಣಬೆ ಅಂದ್ರೆ ಇದಪ್ಪಾ! ಕುರಿ ಬಾಡೂ ಇದರ ಮುಂದೆ ಏನೂ ಅಲ್ಲ" ಎಂದು ಮೂರು ಸಲ ಹಾಕಿಸಿಕೊಂಡೆ. ವನಜಾಕ್ಷಿ ಕೇಳಿದಷ್ಟೂ ಬಡಿಸಿದಳು.

ಕೈ ತೊಳೆದು ಬಂದು ಫೋನಿಗೆ ಎರಡನೇ ಫೋಟೋ ತೋರಿಸಿದೆ. ಅದೇ ಪಂಡಿತ ಈಗ ಕೆಂಪಕ್ಷರದಲ್ಲಿ ಅಂದ: ಪ್ರಾಣಾಂತಿಕ ವಿಷ.

ಹೊಟ್ಟೆ ತಕ್ಷಣ ಗುಡುಗುಟ್ಟಿತು. ಆಗತಾನೇ ಉಣ್ಣಲು ಕೂತಿದ್ದ ವನಜಾಕ್ಷಿಯ ತಟ್ಟೆ ಕಸಿದುಕೊಂಡೆ.

"ತಿನ್ನಬ್ಯಾಡ! ನೀನಾದ್ರೂ ಬದುಕು! ಆಟೋ ಕರಿ, ಆಸ್ಪತ್ರೆಗೆ ಹೋಗಾನ! ವನಜಾ, ಹೋಗೋ ಮುಂಚೆ ಒಂದ್ಮಾತು... ನಿನ್ನ ಮದುವೆ ಸೀರೆ ನಾನು ನೇಯ್ದಿದ್ದಲ್ಲ. ಪಕ್ಕದ್ಮನೆ ಪಾಲಣ್ಣ ನೇಯ್ದಿದ್ದು. ನಾನು ಚಳ್ಳಕೆರೆಗೆ ವಾಲಿಬಾಲ್ ನೋಡಾಕೆ ಹೋಗಿದ್ದೆ!"

ಹನ್ನೊಂದು ವರ್ಷ ಬಚ್ಚಿಟ್ಟಿದ್ದ ಸುಳ್ಳು. "ನಮ್ಮ ಯಜಮಾನ್ರೇ ನೇಯ್ದಿದ್ದು" ಎಂದು ಅವಳು ಆ ರೇಷ್ಮೆ ಸೀರೆಯನ್ನು ಊರಿಗೆಲ್ಲ ತೋರಿಸಿದ್ದಳು. ನನಗೆ ಅಳುವೇ ಬಂತು.

ಅವಳು ತಟ್ಟೆ ವಾಪಸ್ ಎಳೆದುಕೊಂಡು ತುತ್ತು ಬಾಯಿಗಿಟ್ಟಳು.

"ಇದು ಬದನೆಕಾಯಿ ಕಣ್ರಿ. ನಿಮ್ಮ ಅಣಬೆ ತಿಪ್ಪೆ ಸೇರಿ ಎಷ್ಟೊತ್ತಾತು."

ಅಬ್ಬಾ! ಹೋದ ಜೀವ ಬಂದಂತಾಗಿ ಗೋಡೆಗೊರಗಿ ಕುಸಿದು ಕೂತೆ. ಹೊಟ್ಟೆನೋವು ಹೇಳದೆ ಕೇಳದೆ ಮಾಯ. ದೇವರೇ, ಬದುಕಿದೆ! ಆಮೇಲೆ ಸೀರೆ ನೆನಪಾಯಿತು.

"ಪಾಲಣ್ಣನ ವಿಷಯ... ಸಿಟ್ಟು ಬಂತೇನೇ?"

"ಈಗ್ಯಾಕೆ ಬರ್ತೈತೆ? ಮದುವೆಯಾದ ತಿಂಗಳಿಗೇ ಗೊತ್ತಾಗಿತ್ತು."

"ಆ ಪಾಲಣ್ಣ ಬಾಯಿ ಬಿಟ್ನಾ?"

"ಅವನ್ಯಾಕೆ ಹೇಳಬೇಕು? ನಿಮ್ಮ ಮಗ್ಗದಿಂದ ಇಳಿದ ಸೀರೆ ಆಗ ನಾನೇ ಮೊದಲ್ನೇ ಸಲ ನೋಡಿದ್ನಲ್ಲ. ನನ್ನ ಮದುವೆ ಸೀರೆ ಅಂಚು ನೆಟ್ಟಗೈತ್ರಿ."

ಮತ್ತೊಂದು ಸೌಟು ಬದನೆಕಾಯಿ ಸಾರು ಕುಡಿದು, ತೆಪ್ಪಗೆ ಮಗ್ಗದ ಗುಂಡಿಗಿಳಿದೆ.