ಹಾಜರಿ ಹೇಳಿದ ಅಜ್ಜಿ

ಮಹಾಮಾರಿಯ ಎರಡು ವರ್ಷಗಳಲ್ಲಿ ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿಯೂ ಓದು ಬಿಟ್ಟುಹೋಗಲಿಲ್ಲ ಎಂಬುದನ್ನು ಆಡಳಿತ ಮಂಡಳಿ ಹೆಮ್ಮೆಯಿಂದ ದಾಖಲಿಸಿದೆ. ಅಕ್ಕಪಕ್ಕದ ಕಾಲೇಜುಗಳು ಭಣಗುಟ್ಟುತ್ತಿದ್ದಾಗಲೂ ನಮ್ಮಲ್ಲಿ ತುಂಬು ಹಾಜರಿ.

ಅರ್ಧಕ್ಕರ್ಧ ಹುಡುಗರು ಹೊಟ್ಟೆಪಾಡಿಗೆ ಅಂಗಡಿ, ಗೋದಾಮು ಸೇರಿದ್ದರು, ಅದು ಬೇರೆ ಮಾತು. ಪಾಠ ಕೇಳುವ ಫೋನು ಮನೆಯಲ್ಲೇ ಇತ್ತಲ್ಲ! ಅರ್ಥಶಾಸ್ತ್ರದ ಮೇಷ್ಟ್ರು ಅತ್ತ ಹೆಸರು ಕೂಗಿದರೆ, ಇತ್ತ ಒಬ್ಬನ ಅಜ್ಜಿ ತಪ್ಪದೆ "ಪ್ರೆಸೆಂಟ್ ಸಾರ್" ಎನ್ನುತ್ತಿದ್ದರು. ದನಿ ನಡುಗಿದ್ದಕ್ಕೆ ಮೇಷ್ಟ್ರು ನೆಟ್‌ವರ್ಕನ್ನು ಬೈಯುತ್ತಿದ್ದರು.

ಕಾಲೇಜು ತೆರೆದ ದಿನ ಆ ಅಜ್ಜಿಯ ಮೊಮ್ಮಗ ಔಷಧಿ ಅಂಗಡಿಯ ಕೆಲಸ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು ಓಡಿ ಬಂದ. ಡಿಗ್ರಿ ಮುಗಿಸಬೇಕೆಂಬ ಆಸೆ ಅವನಿಗೆ ನಿಜಕ್ಕೂ ಇತ್ತು. ಮೇಷ್ಟ್ರು ಹೆಸರು ಕೂಗಿದರು, ಅವನು ಎದ್ದು ನಿಂತ.

"ನೀನ್ಯಾರಪ್ಪ? ನಮ್ಮ ಹುಡುಗನ ದನಿ ನಂಗೆ ಗೊತ್ತಿಲ್ವಾ?"

"ಅದು ನಮ್ಮಜ್ಜಿ ಸಾರ್."

ಅಂಥವರು ಒಬ್ಬಿಬ್ಬರಲ್ಲ ಎಂದು ತಿಳಿದ ಪ್ರಾಂಶುಪಾಲರು ಕೂಡಲೇ ಪ್ರಕಟಣೆ ಹೊರಡಿಸಿದರು: "ಹಾಜರಿ ಹೇಳಿದವರೇ ವಿದ್ಯಾರ್ಥಿ. ಸದರಿ ಹಾಜರಿಯನ್ನು ರಕ್ತಸಂಬಂಧಿಗಳಿಗೆ ವರ್ಗಾಯಿಸಲು ಅವಕಾಶವಿರುವುದಿಲ್ಲ." ನಿಜ ಒಪ್ಪಿಕೊಂಡರೆ ಅರ್ಧ ಕಾಲೇಜು ಖಾಲಿ ಎನ್ನಬೇಕಾಗುತ್ತಿತ್ತು, ಅನುದಾನಕ್ಕೂ ಕತ್ತರಿ ಬೀಳುತ್ತಿತ್ತು.

ಅಜ್ಜಿ ಬಂದು ಪ್ರಾಂಶುಪಾಲರಿಗೆ ಕೈಮುಗಿದರು. "ಸ್ವಾಮಿ, ಹುಡುಗನ ಓದು ನಿಲ್ಬಾರ್ದು ಅಂತ ತಾನೇ ನಾನು ಹೂಂಗುಟ್ಟಿದ್ದು? ನನ್ನ ಬಿಟ್ಬಿಡಿ."

"ಬಿಡೋ ಹಾಗಿಲ್ಲಮ್ಮ. ನಮ್ಮಲ್ಲಿ ಅರ್ಧಕ್ಕೆ ಬಿಡೋರೇ ಇಲ್ಲ."

ವಾರದೊಳಗೆ ಬೆಂಚುಗಳು ತುಂಬಿದವು. ಮುಂದೆ ಅಜ್ಜಿಯಂದಿರು, ಹಿಂದೆ ತೂಕಡಿಸುವ ತಾತಂದಿರು. ಪಾಠದ ನಡುವೆ ಸೊಸೆಯಂದಿರ ವಿಚಾರ ಎತ್ತಕೂಡದೆಂದು ಗೋಡೆಗೆ ಹೊಸ ನಿಯಮ ಅಂಟಿಸಲಾಯಿತು.

ಪೋಷಕರ ಸಭೆಗೆ ಮೊಮ್ಮಗನನ್ನು ಕರೆಸಿದರು.

"ಏನಪ್ಪ, ಓದೋಕೆ ಬಿಡದೆ ಅಜ್ಜಿ ಕೈಲಿ ಅಡುಗೆ ಮಾಡಿಸ್ತೀಯಂತೆ?" ಮೇಷ್ಟ್ರು ಗದರಿದರು.

"ಇನ್ಮೇಲೆ ನಾನೇ ಮಾಡ್ತೀನಿ ಸಾರ್. ಆದ್ರೆ... ನನ್ನ ಡಿಗ್ರಿ?"

ಮೇಷ್ಟ್ರ ಮನಸ್ಸು ಕರಗಿತು. "ಅದಕ್ಯಾಕೆ ಅಷ್ಟೊಂದು ಯೋಚ್ನೆ? ನಿನ್ನ ಮೊಮ್ಮಗ ಇಲ್ಲಿ ಸೇರ್ಲಿ. ಅವನ ಹೆಸರು ಕೂಗಿದಾಗ ನೀನು ಹಾಜರಿ ಹೇಳು. ಸೀಟು ನಿಂದೇ."

ಮಾತು ನ್ಯಾಯವಾಗಿಯೇ ಇತ್ತು. ಅಂದು ಸಂಜೆ ಮೊಮ್ಮಗ ಪಾತ್ರೆ ತಿಕ್ಕುತ್ತ, "ಅಜ್ಜಿ, ನಂಗೊಂದು ಹೆಣ್ಣು ನೋಡು" ಎಂದ.

ಅಜ್ಜಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಸುಮ್ನಿರೋ, ಮೊದ್ಲು ನನ್ನ ಪರೀಕ್ಷೆ ಮುಗೀಲಿ."