ಪರಿಸರಕ್ಕೆ ಅಡ್ಡ ಬಂದ ಬೇವಿನ ಮರ

ನಮ್ಮ ಕಡೆ ಪರಿಸರ ಉಳಿಸುವ ಕೆಲಸಕ್ಕೆ ಇಳಿದವರಿಗೆ ಮಳೆಯ ಬರ ಬರಬಹುದು, ನಗೆಯ ಬರ ಬರುವುದಿಲ್ಲ. ಒಂದು ಪ್ರಸಂಗಕ್ಕೆ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಂಡು ತಣ್ಣಗಿದ್ದವಳು. ಒಂದು ದಿನ ಆದೇಶ ಬಂತು: ಇನ್ನು ಮೇಲೆ ಮಸ್ಕಿಯ ಕಲಿಕಾ ಕೇಂದ್ರಕ್ಕೆ ಹೋಗಿ ದೊಡ್ಡವರಿಗೆ ಪಾಠ ಹೇಳಬೇಕು. ಓದು ಬರಹದ ಜೊತೆಗೆ ವಿಜ್ಞಾನ, ವಿಜ್ಞಾನದ ಜೊತೆಗೆ ಪರಿಸರ. ಕೇಂದ್ರದ ಹೆಸರು "ಪರಿಸರ ಸಂರಕ್ಷಣೆಗಾಗಿ ವಿಜ್ಞಾನ, ತಂತ್ರಜ್ಞಾನ ಮತ್ತು ಜೀವನಪರ್ಯಂತ ಕಲಿಕೆ". ಅಷ್ಟು ಉದ್ದದ ಬೋರ್ಡು ಗೋಡೆಗೆ ಹಿಡಿಸಲಿಲ್ಲವಂತೆ. ಅಂಗಳದ ಬೇವಿನ ಮರಕ್ಕೆ ಗೇಣುದ್ದದ ಮೊಳೆ ಹೊಡೆದು ತೂಗುಹಾಕಿದ್ದರು. ಸಂರಕ್ಷಣೆ ಆ ಮೊಳೆಯಿಂದಲೇ ಶುರುವಾಗಿತ್ತು.

ನೆರಳಿನ ವಿದ್ಯಾರ್ಥಿನಿ

ಕೇಂದ್ರಕ್ಕೆ ಒಂದು ಹಾಲ್ ಇತ್ತು. ಬೇಸಿಗೆಯಲ್ಲಿ ಅದರೊಳಗೆ ಹಿಟ್ಟು ತಟ್ಟಿ ಇಟ್ಟರೆ ರೊಟ್ಟಿ ಆಗುತ್ತಿತ್ತು. ಹಾಗಾಗಿ ನಮ್ಮ ಮಧ್ಯಾಹ್ನದ ತರಗತಿ ಬೇವಿನ ಬುಡದಲ್ಲೇ. ಮರ ಇದ್ದರೆ ತರಗತಿ, ಇಲ್ಲದಿದ್ದರೆ ಇಲ್ಲ. ಇದು ನನಗೂ ಗೊತ್ತಿತ್ತು, ಬಂದು ಕೂಡುವವರಿಗೂ ಗೊತ್ತಿತ್ತು.

ಎಲ್ಲರಿಗಿಂತ ಮೊದಲು ಬರುವವಳು ಒಬ್ಬ ಅಜ್ಜಿ. ಪೇಟೆಯಲ್ಲಿ ಕಾಯಿಪಲ್ಯ ಮಾರಿ, ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂಡುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ನಾನು ಒಂದು ದಿನ ಮೆಚ್ಚಿಕೊಂಡು, "ಈ ವಯಸ್ಸಿನಾಗ ಓದಾಕ ಎಷ್ಟು ಹುಕಿ ಐತಿ ನೋಡಬೇ ನಿನಗ" ಅಂದೆ.

"ಓದಾಕ ಯಾರು ಬಂದಾರ?" ಅಂದಳು ಅಜ್ಜಿ. "ನಮ್ಮೂರ ಬಸ್ಸು ಬರೋದು ಸಂಜಿಕ. ಊರಾಗ ಇಷ್ಟು ದಟ್ಟ ನೆರಳು ಎಲ್ಲೂ ಇಲ್ಲ. ನೀ ಏನಾರ ಹೇಳ್ಕೋತ ಇರು, ನನಗೇನು ತ್ರಾಸಿಲ್ಲ."

ಸೂರ್ಯನಿಗೆ ಜಾಗ

ಅಷ್ಟರಲ್ಲಿ ಕೇಂದ್ರಕ್ಕೆ ಸೋಲಾರ್ ಪ್ಯಾನಲ್ ಮಂಜೂರಾಗಿ ಬಂತು. ನಮ್ಮ ಸಂಚಾಲಕರಿಗೆ ಹಿಗ್ಗೋ ಹಿಗ್ಗು. ಈ ಸಂಚಾಲಕರೇ ಕೇಂದ್ರಕ್ಕೆ ಯಜಮಾನರು. ಒಳ್ಳೆಯ ಮನುಷ್ಯ. ಹೊಸ ಯಂತ್ರ ಕಂಡರೆ ಹೊಸ ಅಳಿಯ ಬಂದಂತೆ ಉಪಚರಿಸುತ್ತಿದ್ದರು. ಪ್ಯಾನಲ್ಲುಗಳನ್ನು ಮಾಳಿಗೆಯ ಪಡುವಣ ತುದಿಗೆ ಕೂಡಿಸಿ, ಪೂಜೆ ಮಾಡಿ, ಕಾಯಿ ಒಡೆದರು. ಹೊತ್ತು ವಾಲಿದ್ದೇ ತಡ, ಬೇವಿನ ನೆರಳು ಬಂದು ಅವುಗಳ ಮೇಲೆ ಹಾಸಿಗೆ ಹಾಸಿ ಮಲಗಿತು. ಹಾಲ್‌ನ ಫ್ಯಾನುಗಳು ಒಂದು ಸುತ್ತು ತಿರುಗಿ ನಿಂತವು.

"ಸರ್, ಮೂಡಲ ತುದಿ ಪೂರ್ತಿ ಖಾಲಿ ಅದ. ಅಲ್ಲಿ ದಿನಾ ಬಿಸಿಲು. ಅಲ್ಲಿಗೆ ಸರಿಸಿದ್ರ ಮುಗೀತು" ಅಂದೆ ನಾನು.

"ಅಲ್ಲಿ ಹಾಕಿದ್ರ ರೋಡಿಗೆ ಕಾಣಂಗಿಲ್ಲಲ್ರೀ ಮೇಡಂ" ಅಂದರು ಸಂಚಾಲಕರು. "ಜನರಿಗೆ ಕಾಣಲಾರದ ಪರಿಸರ ಕಾಳಜಿ ತಗೊಂಡು ಏನು ಮಾಡೋದು? ಮರಾನೇ ತೆಗಸೋಣ."

ಮರುದಿನವೇ ಮೇಲಿನವರಿಗೆ ಬರೆದರು. ಪರಿಸರದ ಹಿತದೃಷ್ಟಿಯಿಂದ ಸದರಿ ಮರವನ್ನು ಕಡಿಯುವುದು ಅತ್ಯವಶ್ಯ ಎಂದು. ಆದರೆ ಅನುಮತಿ ಬರುವ ತನಕ ಮರಕ್ಕೆ ಜೀವದಾನ. ನಮ್ಮ ದಫ್ತರುಗಳ ನಿಧಾನಗತಿಗೆ ನಾನು ಕೈಮುಗಿದದ್ದು ಅದೇ ಮೊದಲು. ಅದಿಲ್ಲದಿದ್ದರೆ ಈ ದೇಶದಲ್ಲಿ ಒಂದು ಮರವೂ ಉಳಿಯುತ್ತಿರಲಿಲ್ಲ.

ಆಕಾಶದ ಕಣ್ಣು

ಸಿಂಧನೂರಿನ ಕಡೆ ಕಾಲುವೆ ನೀರಿನ ಭತ್ತ. ಕಟಾವು ಮುಗಿದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಇಟ್ಟರೆ ನಾಲ್ಕು ಊರಿನ ಜನ ಕೆಮ್ಮಬೇಕು. ಅದನ್ನು ನಿಲ್ಲಿಸಲು, ಆ ಕಡೆ ಕ್ಯಾಂಪ್ ಎಂದು ಕರೆಯುವ ಭತ್ತದ ರೈತರ ಊರೊಂದರಲ್ಲಿ ನನ್ನ ಉಪನ್ಯಾಸ ಇಟ್ಟರು. ಆಕಾಶದಿಂದ ಉಪಗ್ರಹ ನೋಡುತ್ತದೆ, ಬೆಂಕಿಯ ಜಾಗ ಗುರುತು ಹಿಡಿಯುತ್ತದೆ, ದಂಡ ಬೀಳುತ್ತದೆ ಎಂದೆಲ್ಲ ಗೋಡೆಯ ಮೇಲೆ ಚಿತ್ರ ಮೂಡಿಸಿ ಹೇಳಿದೆ.

ಸಾಮಾನ್ಯವಾಗಿ ಇಂಥ ಕಡೆ ಜನ ಚಹಾ ಬರುವ ಬಾಗಿಲ ಕಡೆಗೇ ನೋಡುತ್ತಾರೆ. ಆದರೆ ಆ ದಿನ ಒಬ್ಬ ರೈತರು ಎದ್ದು ನಿಂತು, "ಮೇಡಂ, ಅದು ದಿನಾ ಒಂದೇ ಟೈಮಿಗೆ ಬರ್ತದೇನ್ರೀ?" ಎಂದು ಕೇಳಿದರು.

ಎಂಥ ವೈಜ್ಞಾನಿಕ ಪ್ರಶ್ನೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಭೂಮಿ ತಿರುಗುವುದು, ಉಪಗ್ರಹದ ದಾರಿ, ನಮ್ಮ ತಲೆಯ ಮೇಲೆ ಅದು ಹೆಚ್ಚುಕಡಿಮೆ ಮಧ್ಯಾಹ್ನದ ಊಟದ ಹೊತ್ತಿಗೆ ಹಾಯುವುದು, ಒಂದೂ ಬಿಡದೆ ವಿವರಿಸಿದೆ. ಅವರು ಪಕ್ಕದವರಿಗೆ, ಪಕ್ಕದವರು ಆಚೆಯವರಿಗೆ ಹೇಳಿದರು. ಅಷ್ಟು ಶ್ರದ್ಧೆಯಿಂದ ಕಲಿತ ತರಗತಿಯನ್ನು ನಾನು ನನ್ನ ಹೈಸ್ಕೂಲಿನಲ್ಲೂ ಕಂಡಿರಲಿಲ್ಲ.

ಆ ಸುಗ್ಗಿಯಲ್ಲಿ ಆ ಕ್ಯಾಂಪಿನ ಒಂದು ಬೆಂಕಿಯೂ ಉಪಗ್ರಹಕ್ಕೆ ಸಿಗಲಿಲ್ಲ. ಮೇಲಿನಿಂದ ಸಂಚಾಲಕರಿಗೆ ಶಭಾಸ್‌ಗಿರಿ ಬಂತು. ಕ್ಯಾಂಪಿನವರು ನನ್ನನ್ನು ಕರೆಸಿ ಸನ್ಮಾನವನ್ನೂ ಮಾಡಿದರು. ಸಂಜೆ ಹೊತ್ತು. ಸುತ್ತ ಗದ್ದೆಗಳೆಲ್ಲ ಧಗಧಗ ಉರಿಯುತ್ತಿದ್ದವು. ಅದೇ ರೈತರು ನನಗೆ ಶಾಲು ಹೊದಿಸಿ ಹೇಳಿದರು:

"ನೀವು ಅಷ್ಟು ಛಲೋ ತಿಳಿಸಿ ಹೇಳಿದ್ರಿ ಮೇಡಂ. ಈಗ ನಾವು ಊಟ ಮಾಡಿ, ಒಂದು ನಿದ್ದಿ ಹೊಡದು, ಆಮ್ಯಾಲೇ ಕಡ್ಡಿ ಗೀರ್ತೀವಿ."

ಒಂದು ಕಾಡಿನ ಅಂತ್ಯ

ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ನಮ್ಮ ಕೇಂದ್ರದಿಂದ ಹೊಂಗೆ ಸಸಿ ನೆಟ್ಟಿದ್ದೆವು. ನೆಟ್ಟವರು ನಾವು, ತಿಂದವು ಆಡು. ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಆದರೆ ಹೊಸದೊಂದು ಆ್ಯಪ್ ಬಂದಿತ್ತು. ನೆಟ್ಟ ಜಾಗಕ್ಕೇ ಹೋಗಿ ಸಸಿಯ ಫೋಟೊ ಹೊಡೆಯಬೇಕು. ಜಾಗ ಒಂದಿಷ್ಟು ತಪ್ಪಿದರೂ ಅದು ಒಪ್ಪುವುದಿಲ್ಲ. ಮೋಸಕ್ಕೆ ಆಸ್ಪದವೇ ಇಲ್ಲ ಎಂದು ತರಬೇತಿಯಲ್ಲಿ ಎದೆ ತಟ್ಟಿ ಹೇಳಿದ್ದರು.

ಸಂಚಾಲಕರು ಫಿಕರ್ ಮಾಡಲಿಲ್ಲ. ನರ್ಸರಿಯಿಂದ ಕುಂಡದಲ್ಲಿದ್ದ ಒಂದು ಚೆಂದದ ಹೊಂಗೆ ಸಸಿ ತಂದು, ಆಟೋದಲ್ಲಿ ತಮ್ಮ ಪಕ್ಕಕ್ಕೇ ಕೂಡಿಸಿಕೊಂಡರು. ನನ್ನನ್ನು ಡ್ರೈವರ್ ಪಕ್ಕ ಕೂಡಿಸಿದರು. ಒಂದೊಂದು ಗುಂಡಿಯ ಬಳಿ ಇಳಿಯುವುದು, ಕುಂಡವನ್ನು ಗುಂಡಿಯಲ್ಲಿ ಇಡುವುದು, ಫೋಟೊ ಹೊಡೆಯುವುದು, ಮತ್ತೆ ಆಟೋ ಹತ್ತಿಸುವುದು. ಪ್ರತಿ ಫೋಟೊಗೂ ಆ್ಯಪ್ "ಸಸಿ ಆರೋಗ್ಯವಾಗಿದೆ, ಅಭಿನಂದನೆಗಳು" ಎಂದು ಹಸಿರು ದೀಪ ತೋರಿಸುತ್ತಿತ್ತು. "ನೋಡ್ರಿ ಮೇಡಂ, ತಂತ್ರಜ್ಞಾನ ಅಂದ್ರ ಇದು" ಎಂದು ಸಂಚಾಲಕರು ದಾರಿಯುದ್ದಕ್ಕೂ ಹೇಳಿದರು.

ಅರ್ಧ ದಾರಿ ಮುಗಿಸಿ ಚಹಾಕ್ಕೆಂದು ನಿಂತೆವು. ಗಾಳಿ ಆಡಲಿ ಎಂದು ಸಸಿಯನ್ನು ಕೆಳಗಿಳಿಸಿ ಇಟ್ಟಿದ್ದರು. ಕಪ್ಪು ಕೆಳಗಿಟ್ಟು ತಿರುಗಿ ನೋಡಿದರೆ ಒಂದು ಆಡು ಕುಂಡದ ಮುಂದೆ ನಿಂತು ಬಾಯಿ ಆಡಿಸುತ್ತಿದೆ. ಇಡೀ ರಸ್ತೆಯ ಕಾಡನ್ನು ಅದು ಒಂದೇ ತುತ್ತಿಗೆ ಮುಗಿಸಿತ್ತು. ಸಂಚಾಲಕರು ಹಣೆ ಚಚ್ಚಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತರು.

ಮರುದಿನ ನರ್ಸರಿಗೆ ಹೋಗಿ ಇನ್ನೊಂದು ಕಾಡು ತಂದೆವು.

ಕಲಿತ ಯಂತ್ರ

ಆಮೇಲೆ ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಯಂತ್ರ ಬಂತು. ಅದನ್ನು ಗೇಟಿನ ಬಳಿ, ರಸ್ತೆಗೆ ಕಾಣುವಂತೆ ಹಾಕಿದರು. ಲಾರಿ, ಟ್ರ್ಯಾಕ್ಟರ್, ಧೂಳು. ಯಂತ್ರ ದಿನವಿಡೀ ಕೆಂಪಗೆ ಉರಿಯುತ್ತಿತ್ತು. ಹೋಗುವವರು ಬರುವವರು ನಿಂತು ನೋಡಿ, "ಪರಿಸರ ಕೇಂದ್ರದಾಗೇ ಹಿಂಗ?" ಅನ್ನತೊಡಗಿದರು. ಸಂಚಾಲಕರಿಗೆ ಮರ್ಯಾದೆ ಪ್ರಶ್ನೆ.

"ಇದು ಕೆಟ್ಟದ" ಅಂದರು.

"ಇಲ್ರೀ, ಗಾಳಿ ಕೆಟ್ಟದ" ಅಂದ ರಿಪೇರಿಗೆ ಬಂದವನು.

ಯಂತ್ರವನ್ನು ಗೇಟಿನಿಂದ ಕಿತ್ತು ಗೋಡೆಗೆ, ಗೋಡೆಯಿಂದ ಕಿತ್ತು ಹಿತ್ತಲಿಗೆ ಹಾಕಿ ನೋಡಿದರು. ಕೊನೆಗೆ ಬೇವಿನ ಕೊಂಬೆಗಳ ನಡುವೆ ತೂಗುಹಾಕಿದಾಗ ಹಸಿರು ಬಂತು. ಇದೇ ಸಮಯ ಎಂದು ನಾನು, "ನೋಡಿದ್ರಾ ಸರ್, ಮರದ ಗುಣ ಯಂತ್ರಕ್ಕೇ ಗೊತ್ತಾತು" ಅಂದೆ.

"ಮರದ್ದೇನದರೀ ಇದರಾಗ?" ಅಂದರು ಸಂಚಾಲಕರು. "ಈಗಿನ ಯಂತ್ರ ತಾವೇ ಕಲೀತಾವ. ಇದಕ್ಕ ಕಲಿಯಾಕ ಒಂದಿಷ್ಟು ದಿನ ಹಿಡೀತು, ಅಷ್ಟ."

ಬೋರ್ಡು ಓದಿದ ಅಜ್ಜಿ

ಬೇಸಿಗೆ ನಡುವೆ ಮರಕ್ಕೆ ಗ್ರಹಚಾರ ಬಂತು. ಮೇಲಿನ ಸಾಹೇಬರು ಸ್ವತಃ ಬಂದು ಸ್ಥಳ ನೋಡಿ ಸಹಿ ಹಾಕುತ್ತಾರೆ ಎಂದು ಪತ್ರ ಬಂತು. ಕೊಡಲಿಯವರಿಗೂ ಅದೇ ದಿನ ಹೇಳಿಕಳಿಸಲಾಗಿತ್ತು. ಹಿಂದಿನ ರಾತ್ರಿಯೇ ಕೂತು, ಪ್ಯಾನಲ್ ಮೂಡಲಿಗೆ ಸರಿಸಿದರೆ ಎಷ್ಟು ಕರೆಂಟು ಹೆಚ್ಚು ಬರುತ್ತದೆ ಎಂದು ಚಿತ್ರ ಬರೆದು ಸಿದ್ಧಳಾಗಿ ಹೋದೆ.

ಸಾಹೇಬರ ಕಾರು ಬಂತು. ಡ್ರೈವರ್ ಅಂಗಳವನ್ನೊಮ್ಮೆ ನೋಡಿ, ಸೀದಾ ಬೇವಿನ ಕೆಳಗೆ ನಿಲ್ಲಿಸಿದ. ಸಾಹೇಬರು ಇಳಿದು ಹಾಲ್‌ನೊಳಗೆ ಕಾಲಿಟ್ಟು, ಅಷ್ಟೇ ವೇಗದಲ್ಲಿ ಹೊರಗೆ ಬಂದರು. ಕುರ್ಚಿಗಳನ್ನು ಮರದ ಬುಡಕ್ಕೆ ತರಿಸಿದರು. ಅಜ್ಜಿ ಬುಟ್ಟಿ ಸರಿಸಿ ಜಾಗ ಕೊಟ್ಟಳು. ಸಂಚಾಲಕರು ನಿಂತುಕೊಂಡು, ಮರದಿಂದ ಪರಿಸರಕ್ಕೆ ಆಗುತ್ತಿರುವ ಹಾನಿಯ ಬಗ್ಗೆ ಮಾತಾಡಿದರು. ನಾನು ಚಿತ್ರ ಬಿಚ್ಚಿ ತೋರಿಸಿದೆ. ಸಾಹೇಬರು ಎರಡನ್ನೂ ಗಮನಿಸಲಿಲ್ಲ. ತಂಗಾಳಿಗೆ ಕಣ್ಣು ಮುಚ್ಚಿ ಕೂತಿದ್ದರು. ಕೊನೆಗೆ ಕಣ್ಣು ತೆರೆದು, "ಆತು, ಸಹಿ ಮಾಡ್ತೀನಿ. ಎಲ್ಲದ ಆ ಮರ?" ಎಂದರು.

"ಇದೇರೀ ಸರ್. ನೀವು ಕುಂತದ್ದು."

ಸಾಹೇಬರು ಮೇಲೆ ನೋಡಿದರು. ಆಮೇಲೆ ತಮ್ಮ ಕಾರು ನೋಡಿದರು. ಆಮೇಲೆ ಸಂಚಾಲಕರನ್ನು ನೋಡಿದರು.

"ಇದನ್ನ ಕಡದ್ರ ನನ್ನ ಗಾಡಿ ಎಲ್ಲಿ ನಿಲ್ಲಸ್ತೀರಿ? ನಿಮ್ಮ ತಲಿ ಮ್ಯಾಲ?"

ಪ್ಯಾನಲ್ಲುಗಳು ಮರುದಿನವೇ ಮೂಡಲ ತುದಿಗೆ ಹೋದವು. ಕರೆಂಟು ಹರಿಯಿತು, ಫ್ಯಾನು ತಿರುಗಿದವು, ಹಾಲ್‌ನ ಬಿಸಿಗಾಳಿ ಈ ಮೂಲೆಯಿಂದ ಆ ಮೂಲೆಗೆ ಓಡಾಡತೊಡಗಿತು. ಹೊಸ ಆಲೋಚನೆಗಾಗಿ ಸಂಚಾಲಕರಿಗೆ ಪ್ರಶಸ್ತಿಪತ್ರ ಬಂತು. ಮರ ಉಳಿಯಿತಲ್ಲ, ಯಾರಿಗೆ ಬಂದರೇನು ಎಂದು ನಾನು ನಿಜವಾಗಿಯೂ ಖುಷಿಪಟ್ಟೆ.

ಸೋಮವಾರ ಕೇಂದ್ರಕ್ಕೆ ಬಂದು ನೋಡಿದರೆ ಮರದ ಬುಡದ ಸುತ್ತ ಸುಣ್ಣದ ಗೆರೆ. ಕಾಂಡಕ್ಕೆ ಇನ್ನೊಂದು ಮೊಳೆ, ಇನ್ನೊಂದು ಬೋರ್ಡು. ಗೆರೆಯ ಹೊರಗೆ, ರಣರಣ ಬಿಸಿಲಲ್ಲಿ ನನ್ನ ವಿದ್ಯಾರ್ಥಿಗಳು ತಲೆಗೆ ಟವೆಲು, ಸೆರಗು ಹಾಕಿಕೊಂಡು ನಿಂತಿದ್ದಾರೆ. ಮರ ಉಳಿಸಿಕೊಂಡು ನೆರಳು ಕಳಕೊಂಡೆವಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

ಅಜ್ಜಿ ಬುಟ್ಟಿ ಹೊತ್ತುಕೊಂಡು ಬಂದಳು. ಬೋರ್ಡಿನ ಮುಂದೆ ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಇದು... ಅಧಿಕಾರಿಗಳ... ವಾಹನ... ನಿಲ್ಲಿಸುವ... ಜಾಗ. ಉಳಿದವರು... ಇಲ್ಲಿ... ಕೂಡಬಾರದು."

ನಾನು ಬೆರಗಾಗಿ ನಿಂತೆ. ನೆರಳಿಗೆಂದು ಬಂದು ಕೂತವಳು ಯಾವಾಗ ಕಲಿತಳೋ ದೇವರಿಗೇ ಗೊತ್ತು. "ಅಜ್ಜಿ, ಓದಾಕ ಬಂತಲ್ಲಬೇ ನಿನಗ!" ಅಂದೆ.

ಅಜ್ಜಿ ಗೆರೆ ದಾಟಿ ಹೋಗಿ, ಬೋರ್ಡಿನ ಕೆಳಗೇ ಬುಟ್ಟಿ ಬೋರಲು ಹಾಕಿ, ಕಾಲು ಚಾಚಿ ಕೂತಳು.

"ಸಣ್ಣಗ ಮಾತಾಡು" ಅಂದಳು. "ಯಾರಾರ ಬಂದು ಕೇಳಿದ್ರ, ಈ ಮುದುಕಿಗೆ ಓದಾಕ ಬರಂಗಿಲ್ಲ ಅಂತ ಹೇಳು."