ಡಬ್ಬಾ ಪಿಯಾನೊ ಮತ್ತು ಡಾಕ್ಟರರ ಸಂಶಯ

ಚೀಲದ ಎಡಗಡೆ ಖಾನೆಯಲ್ಲಿರಬೇಕಾದ, ತಂತಿ ಬಿಗಿಯುವ ಪಾನ ಬಲಗಡೆ ಖಾನೆಯಲ್ಲಿ ಮಲಗಿತ್ತು. ಶುಕ್ರವಾರ ಬೆಳಗ್ಗೆ ಅದನ್ನು ಕಂಡ ಪಿಯಾನೊ ಡಾಕ್ಟರರಿಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ. (ಡಾಕ್ಟರ್ ಎನ್ನುವುದು ಯಾರೂ ಕೊಟ್ಟ ಪದವಿಯಲ್ಲ. ಮೂವತ್ತು ವರ್ಷ ಪಿಯಾನೊಗಳ ತಂತಿ ಬಿಗಿದು, ಶ್ರುತಿ ಕೂಡಿಸಿ ಅವರೇ ಸಂಪಾದಿಸಿದ್ದು; ಅಂದರೆ ಬೋರ್ಡಿನ ಮೇಲೆ ಅವರೇ ಬರೆಸಿಕೊಂಡದ್ದು.)

"ಏನೇ, ನನ್ನ ಚೀಲ ಮುಟ್ಟಿದ್ಯಾ?"

"ನಾನ್ಯಾಕ್ರೀ ಮುಟ್ಲಿ? ಆ ಪಾನ ತಗೊಂಡು ಬೆನ್ನು ಕೆರ್ಕೊಳ್ಲಾ?" ಎಂದಳು ಹೆಂಡತಿ ಒಳಗಿನಿಂದ.

ಡಾಕ್ಟರು ಕೇಳಿದ್ದು ಚೀಲದ ಸುದ್ದಿ. ಪಾನದ ಮಾತು ಎಲ್ಲಿಂದ ಬಂತು?

ಆಗಲೇ ಅವರ ಕಣ್ಣು ಪತ್ತೇದಾರನ ಕಣ್ಣಾಯಿತು. ಗುರುವಾರ ಅವರಿಗೆ ರಜೆ. ಉಂಡು ಎರಡು ಗಂಟೆಗೆ ಮಲಗಿದರೆ ಐದಕ್ಕೇ ಏಳುವುದು. ಅದೇ ಹೊತ್ತಿಗೆ ಹೆಂಡತಿ "ಅಕ್ಕನ ಮನೆಗೆ" ಹೋಗುತ್ತಾಳೆ. ಆದರೆ ನಿನ್ನೆ ನಾಲ್ಕೂವರೆಗೆ ಆ ಅಕ್ಕನೇ ಫೋನು ಮಾಡಿ, ಅವರನ್ನು ನಿದ್ದೆಯಿಂದ ಎಬ್ಬಿಸಿ, "ತಂಗಿ ಇದ್ದಾಳಾ? ನೋಡಿ ತಿಂಗಳಾಯ್ತು" ಎಂದಿದ್ದಳು! ಸಾಲದ್ದಕ್ಕೆ ಸಂಜೆ ಹೆಂಡತಿಯ ತೋಳಿನ ಮೇಲೆ ಕೆಂಪು ಉಣ್ಣೆಯ ಎಳೆ. ಶ್ರುತಿ ಮಾಡುವಾಗ ಪಕ್ಕದ ತಂತಿ ಮೊಳಗದಂತೆ ನಡುವೆ ತುರುಕುವ ಪಟ್ಟಿಯದೇ ಎಳೆ.

ಊರಿನಲ್ಲಿ ಪಿಯಾನೊ ರಿಪೇರಿಯವನು ಇನ್ನೊಬ್ಬನೇ: ಟೋಪಿ. ತನ್ನ ತಲೆಗೊಂದು ಹಾಕಿಕೊಂಡು ಗಿರಾಕಿಗೆ ಇನ್ನೊಂದು ಹಾಕುವವನು ಎಂಬುದು ಡಾಕ್ಟರರ ಅಭಿಪ್ರಾಯ. ಅವರು ಬೇಡವೆಂದ ಹಳೆಯ ಅಗ್ಗದ ಪಿಯಾನೊಗಳನ್ನೆಲ್ಲ ಅವನು ಒಪ್ಪಿಕೊಳ್ಳುತ್ತಿದ್ದ. ಡಾಕ್ಟರರಿಗೆ ಅವು ಪಿಯಾನೊಗಳೇ ಅಲ್ಲ. ಎರಡು ತಿಂಗಳ ಹಿಂದೆ ನಿವೃತ್ತ ನರ್ಸಮ್ಮನ ಮುಖಕ್ಕೇ ಹೇಳಿದ್ದರು: "ಇದು ಹಲ್ಲು ಬಂದಿರೋ ಕಪಾಟಮ್ಮ. ತಂತಿ ಸುತ್ತೋ ಮೊಳೆ ಎಲ್ಲಾ ಸಡಿಲ. ಬೆಳಗ್ಗೆ ಬಿಗಿದ್ರೆ ಸಂಜೆಗೆ ಜಾರತ್ತೆ. ಹೆಸರು ಕೆಡೋದು ಕಪಾಟಿನದಲ್ಲ, ನಂದು."

ಈಗ ಲೆಕ್ಕ ಸರಿಹೋಯಿತು. ಹೆಂಡತಿ ಟೋಪಿಯೊಂದಿಗೆ ಶಾಮೀಲಾಗಿದ್ದಾಳೆ! ಮೂವತ್ತು ವರ್ಷದ ಪಾನ ಶತ್ರುಶಿಬಿರಕ್ಕೆ ಬಾಡಿಗೆಗೆ ಹೋಗುತ್ತಿದೆ!

ಮುಂದಿನ ಗುರುವಾರ ಡಾಕ್ಟರು ನಿದ್ದೆ ಬಂದವರಂತೆ ಮಲಗಿ ಗೊರಕೆ ಹೊಡೆದರು. ತಮ್ಮ ಗೊರಕೆಯನ್ನು ತಾವೆಂದೂ ಕೇಳಿರದಿದ್ದರಿಂದ ಅಂದಾಜಿನ ಮೇಲೆ ಹೊಡೆಯಬೇಕಾಯಿತು. ಬಾಗಿಲಲ್ಲಿ ಹೆಂಡತಿ ನಿಂತು, "ಇವತ್ತೇನು ಇಷ್ಟು ಮರ್ಯಾದೆಯಾಗಿ ಗೊರಕೆ?" ಎಂದು ಗೊಣಗಿದಳು. ಡಾಕ್ಟರು ಉಸಿರು ಬಿಗಿಹಿಡಿದರು. ಆಮೇಲೆ ಚೀಲದ ಜಿಪ್ ಸರಿದ ಸದ್ದು, ಚಪ್ಪಲಿಯ ಸದ್ದು.

ಮೂರು ಬೀದಿ ದಾಟಿ ಅವಳು ಹೊಕ್ಕಿದ್ದು ಅದೇ ನರ್ಸಮ್ಮನ ಮನೆ. ಡಾಕ್ಟರು ಹೂಕುಂಡಗಳ ನಡುವೆ, ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತರು.

ಒಳಗೆ ಸ್ವರವೊಂದು ಎದ್ದಿತು. ವಂಯ್ ವಂಯ್ ಎಂಬ ಅದರ ನಡುಕ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು; ಶುದ್ಧ ಸ್ವರವಷ್ಟೇ ಉಳಿಯಿತು. ಅವಸರವೇ ಇಲ್ಲ. ತಂತಿಯನ್ನು ಕೂದಲೆಳೆಯಷ್ಟು ಹೆಚ್ಚು ಎಳೆದು, ಮತ್ತೆ ಇಳಿಸಿ ಕೂರಿಸುವ ಕೈ. ಟೋಪಿಗೆ ಈ ಕೈ ಎಲ್ಲಿಂದ ಬಂತು? ಕಪಾಟು ಹಾಡುತ್ತಿತ್ತು. ಡಾಕ್ಟರರಿಗೆ ಹೊಟ್ಟೆ ಉರಿಯಿತು, ಅದರ ಜೊತೆಗೇ ಕೈಮುಗಿಯಬೇಕೆಂದೂ ಅನಿಸಿತು. ಎರಡನ್ನೂ ತಡೆಯಲಾರದೆ ಒಳಗೆ ನುಗ್ಗಿದರು.

"ಲೋ ಟೋಪಿ!"

ಟೋಪಿ ಇರಲಿಲ್ಲ. ಪಿಯಾನೊದ ಮುಚ್ಚಳ ತೆಗೆದು, ಕೈಯಲ್ಲಿ ಪಾನ ಹಿಡಿದು ಬಗ್ಗಿದ್ದವಳು ಹೆಂಡತಿ. ಕುರ್ಚಿಯಲ್ಲಿ ನರ್ಸಮ್ಮ.

"ಬಾಗ್ಲು ಹಾಕ್ರಿ, ಬೀದಿ ಗಲಾಟೆ ಬರತ್ತೆ," ಎಂದಳು ಹೆಂಡತಿ, ತಲೆಯೆತ್ತದೆ.

"ನಿಂಗೆ... ಯಾರೇ ಕಲಿಸಿದ್ದು?"

"ಮದುವೆ ಆದಾಗಿಂದ ಮನೇಲಿ ಟಣ್ ಟಣ್ ಅಂತ ಹೊಡೆದು 'ಕೇಳು, ಕೇಳು' ಅಂತಿದ್ದೋರು ಯಾರು? ಕೇಳ್ದೆ."

"ಅಲ್ವೇ, ಈ ಡಬ್ಬಾನ..."

"ಮೆಲ್ಲಗೆ! ಇವರ ಮೂರು ಮಕ್ಕಳು ಕಲ್ತಿದ್ದು ಇದ್ರಲ್ಲೇ. ಮೊಳೆ ಸಡಿಲ, ನಿಜ. ಅದನ್ನ ಹೇಳೇ ಕೆಲಸ ಹಿಡಿದಿದೀನಿ. ಜಾರಿದ್ರೆ ಮತ್ತೆ ಬರ್ತೀನಿ ಅಂತಾನೂ ಹೇಳಿದೀನಿ."

ಡಾಕ್ಟರು ಕೊನೆಯ ಅಸ್ತ್ರ ತೆಗೆದರು. "ಇಂಥವೆಲ್ಲ ನೀನೇ ಮಾಡ್ಕೋ. ನಾನು ನೋಡ್ಕೊಳ್ಳೋ ಜಡ್ಜ್ ಮನೆ ಪಿಯಾನೊ ಮುಟ್ಟಿ ನೋಡು, ಆಗ ಗೊತ್ತಾಗತ್ತೆ."

ಹೆಂಡತಿಯ ಕೈ ನಿಂತಿತು. ನರ್ಸಮ್ಮ ಇದ್ದಕ್ಕಿದ್ದಂತೆ ನೀರು ತರಲು ಒಳಗೆ ಹೋದರು.

"ಜಡ್ಜ್ ಮನೆಗೂ ಹೋಗ್ತೀನಿ ರೀ," ಎಂದಳು ಅವಳು ತಗ್ಗಿದ ದನಿಯಲ್ಲಿ. "ನೀವು ಹೋಗಿ ಬಂದ ವಾರ, ಮತ್ತೆ ಸರಿಮಾಡೋಕೆ. ಮೇಲಿನ ಹತ್ತು ಹನ್ನೆರಡು ಸ್ವರ ನಿಮಗೆ ಸರಿಯಾಗಿ ಕೇಳಿಸ್ತಿಲ್ಲ. ಎರಡು ವರ್ಷ ಆಯ್ತು."

"ಸುಳ್ಳು!"

ಅವಳು ಕೊನೆಯ ಕೀ ಒತ್ತಿದಳು. "ಇದು ಹೇಗಿದೆ?"

ಡಾಕ್ಟರು ಕಣ್ಣುಮುಚ್ಚಿ, ತಲೆ ವಾಲಿಸಿ, ತೀರ್ಪು ಕೊಟ್ಟರು. "ಸರಿಯಾಗಿದೆ. ಚೂರು ಏರು, ಅಷ್ಟೇ."

"ಇದಕ್ಕೆ ತಂತೀನೇ ಇಲ್ಲ. ತುಕ್ಕು ಹಿಡಿದಿತ್ತು, ಬಿಚ್ಚಿ ಕಿಟಕಿ ಮೇಲಿಟ್ಟಿದೀನಿ, ನೋಡಿ. ನೀವು ಕೇಳಿದ್ದು ಬರೀ ಮರದ ಸದ್ದು."

ಕಿಟಕಿಯ ಮೇಲೆ ಮೂರು ತುಂಡು ತಂತಿ ಸುರುಳಿಯಾಗಿ ಬಿದ್ದಿದ್ದವು. ಡಾಕ್ಟರು ಒಂದನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತರು. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನೀವು ಊಟ ಬಿಡ್ತಿದ್ರಿ."

ನೀರಿನ ಲೋಟ ಕೈಗಿಡುತ್ತ ನರ್ಸಮ್ಮ ಎಂದರು: "ಕಿವಿ ಒಂದ್ಸಲ ತೋರಿಸ್ಕೊಳ್ಳಿ ಡಾಕ್ಟ್ರೇ. ಹಳೇದಾಯ್ತು ಅಂತ ಬಿಟ್ಟುಬಿಡೋಕಾಗತ್ತಾ?"

ಡಾಕ್ಟರು ನೀರನ್ನೂ ಮಾತನ್ನೂ ಒಟ್ಟಿಗೇ ನುಂಗಿದರು. ಹೆಂಡತಿ ಬ್ಯಾಟರಿ ಚಾಚಿದಳು. "ಲೈಟ್ ಹಿಡೀರಿ. ಕೈ ಅಲುಗಾಡಿಸ್ಬೇಡಿ."

ಹಿಡಿದರು. ಅವಳು ಹೊಸ ತಂತಿ ಸುತ್ತಿ, ಬಿಗಿದು, ಕೀ ಒತ್ತಿ ಅವರ ಮುಖ ನೋಡಿದಳು.

"ಹೇಗಿದೆ?"

ಡಾಕ್ಟರು, ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿಗೆ, ಅಂದರು:

"ನೀನೇ ಹೇಳು."